ಕುಕ್ಕರಗಾಲು ಮತ್ತು ಪಾದದ ಗಂಟು: ಟೇಲಸ್ ಮೂಳೆಯ ಸಾಕ್ಷ್ಯ

ಪಾದದ ಗಂಟಿನ ಕೀಲನ್ನು ಪಠ್ಯಪುಸ್ತಕಗಳು ಬಾಗಿಲ ತಿರುಗಣಿಗೆ ಹೋಲಿಸುತ್ತವೆ. ಹೋಲಿಕೆ ಅರ್ಧ ಮಾತ್ರ ಸರಿ. ಮೊಣಕಾಲ ಕೆಳಗಿನ ಎರಡು ಮೂಳೆಗಳಾದ ಟಿಬಿಯಾ, ಫಿಬುಲಾಗಳ ಕೆಳತುದಿಗಳು ಕೂಡಿ ಕಟ್ಟಿದ ಕಮಾನಿನೊಳಗೆ ಟೇಲಸ್ ಮೂಳೆ ಕೂತಿದ್ದು, ಪಾದ ಮೇಲೇಳುವುದೂ ಕೆಳಗಿಳಿಯುವುದೂ ಮುಖ್ಯವಾಗಿ ಇಲ್ಲಿಯೇ. ಆದರೆ ಹೊರಗಂಟು ಒಳಗಂಟಿಗಿಂತ ತಗ್ಗಿನಲ್ಲಿ, ತುಸು ಹಿಂದಕ್ಕೆ ಇರುವುದರಿಂದ ಚಲನೆಯ ಅಕ್ಷ ಓರೆಯಾಗಿದೆ. ಮೂಳೆತಜ್ಞ ವರ್ನ್ ಇನ್ಮನ್ 1976ರ ತಮ್ಮ ಗ್ರಂಥದಲ್ಲಿ, ಈ ಅಕ್ಷವು ಕಾಲಿನ ಉದ್ದಗೆರೆಯೊಂದಿಗೆ ಸರಾಸರಿ 83 ಡಿಗ್ರಿಯ ಆಸುಪಾಸಿನ ಕೋನ ಮಾಡುತ್ತದೆಂದು ತೋರಿಸಿದರು. ಹೀಗಾಗಿ ಮೇಲೇಳುವ ಪಾದ ಕೊಂಚ ಹೊರಕ್ಕೆ, ಇಳಿಯುವ ಪಾದ ಕೊಂಚ ಒಳಕ್ಕೆ ಸರಿಯುತ್ತದೆ.

ಟೇಲಸ್‌ಗೆ ಒಂದು ಸ್ನಾಯುವೂ ಅಂಟಿಕೊಂಡಿಲ್ಲ. ಅದು ಚಲಿಸುವುದು ಸುತ್ತಲಿನ ಮೂಳೆಗಳ ಒತ್ತಡಕ್ಕೆ. ಅದರ ಮೇಲ್ಮೈ ಮುಂದೆ ಅಗಲ, ಹಿಂದೆ ಕಿರಿದು. ಪಾದ ಮೇಲೆದ್ದಾಗ ಅಗಲದ ಭಾಗ ಕಮಾನಿಗೆ ಸಿಕ್ಕಿ ಕೀಲು ಬಿಗಿಯುತ್ತದೆ. ಬೆರಳು ಕೆಳಗಾದಾಗ ಸಡಿಲ. ಉಳುಕುಗಳಲ್ಲಿ ಹೆಚ್ಚಿನವು ಈ ಸಡಿಲ ಭಂಗಿಯಲ್ಲಿ, ಅಂಗಾಲು ಒಳಮಗ್ಗುಲಾಗಿ ಆಗುವುದಕ್ಕೆ ಇದೂ ಒಂದು ಕಾರಣ. ಅಂಗಾಲನ್ನು ಒಳಕ್ಕೆ, ಹೊರಕ್ಕೆ ಹೊರಳಿಸುವುದು ಮಾತ್ರ ಬಹುಮಟ್ಟಿಗೆ ಟೇಲಸ್‌ನ ಕೆಳಗಿರುವ ಬೇರೊಂದು ಕೀಲಿನ ಕೆಲಸ.

ನಡಿಗೆಗೆ ಪಾದ ಸುಮಾರು 10 ಡಿಗ್ರಿ ಮೇಲೆದ್ದರೆ ಸಾಕು. ಹಿಮ್ಮಡಿ ನೆಲಕ್ಕೂರಿ ಕುಕ್ಕರಗಾಲಲ್ಲಿ ಕೂರುವವರಿಗೆ ಅದಕ್ಕಿಂತ ಬಹಳ ಹೆಚ್ಚು ಬೇಕು; ಆಗ ಟಿಬಿಯಾದ ಮುಂದಿನ ಅಂಚು ಟೇಲಸ್‌ನ ಕತ್ತಿಗೆ ತಾಗುತ್ತದೆ. ಲಾಹೋರಿನ ವೈದ್ಯಕೀಯ ಕಾಲೇಜಿನಲ್ಲಿದ್ದ ಹ್ಯಾವ್‌ಲಾಕ್ ಚಾರ್ಲ್ಸ್ 1893ರಲ್ಲಿ ಪಂಜಾಬಿಗಳ ಮೂಳೆಗಳ ಮೇಲೆ ಹೀಗೆ ತಾಗಿ ಮೂಡುವ ಮಚ್ಚೆಗಳನ್ನು ವಿವರಿಸಿದರು. ಇವು ಕುಕ್ಕರಗಾಲಲ್ಲಿ ಕೂರುವ ರೂಢಿಯ ಗುರುತು ಎಂಬ ವಾದ ಆಕರ್ಷಕ, ಆದರೆ ಪೂರ್ತಿ ನಿಲ್ಲದು: 1954ರಲ್ಲಿ ಸಂಶೋಧಕ ಬಾರ್ನೆಟ್ ಅಂಥವೇ ಮಚ್ಚೆಗಳನ್ನು ಹಾಗೆ ಕೂರುವ ರೂಢಿಯಿಲ್ಲದ ಯುರೋಪಿಯನ್ನರ ಟೇಲಸ್‌ನಲ್ಲೂ ಕಂಡರು. 1959ರಲ್ಲಿ ಭಾರತೀಯ ಮೂಳೆಗಳನ್ನು ಪರಿಶೀಲಿಸಿದವರು ಇಂದರ್‌ಬೀರ್ ಸಿಂಗ್; ನಮ್ಮ ವೈದ್ಯ ವಿದ್ಯಾರ್ಥಿಗಳಿಗೆ ಪಠ್ಯಗಳ ಮೂಲಕ ಪರಿಚಿತ ಹೆಸರು. ಮಚ್ಚೆಯೊಂದನ್ನೇ ನೆಚ್ಚಿ ಸತ್ತವರ ಜೀವನಕ್ರಮ ಹೇಳುವ ಪುರಾತತ್ವಜ್ಞರು ಎಚ್ಚರದಿಂದಿರಬೇಕು.

ಕೂರಲು ಪಾದದ ಗಂಟು ಎಷ್ಟು ಬಾಗಬೇಕೆಂಬ ಪ್ರಶ್ನೆ ಕೃತಕ ಪಾದದ ವಿಷಯದಲ್ಲಿ ಪ್ರಯೋಗಾಲಯ ಬಿಟ್ಟು ಹೊರಬಂತು. 1950ರ ದಶಕದಲ್ಲಿ ಬರ್ಕ್ಲಿಯಲ್ಲಿ ರೂಪುಗೊಂಡ ‘ಸ್ಯಾಚ್’ ಎಂಬ ಕೃತಕ ಪಾದದ ಗಂಟು ಬಾಗುವುದಿಲ್ಲ; ಕುರ್ಚಿಯಲ್ಲಿ ಕೂರುವವರಿಗೆ ಅದು ಕೊರತೆಯಲ್ಲ. ಜೈಪುರದ ಶಸ್ತ್ರವೈದ್ಯ ಪಿ.ಕೆ. ಸೇಥಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮ 1960ರ ದಶಕದ ಕೊನೆಗೆ ಮಾಡಿದ ರಬ್ಬರ್ ಪಾದದಲ್ಲೂ ತಿರುಗಣಿಯಿಲ್ಲ. ಆದರೆ ಒಳಗಿನ ಸ್ಪಂಜು ರಬ್ಬರ್ ತುಂಡುಗಳು ಮುಂದಕ್ಕೂ ಪಕ್ಕಕ್ಕೂ ಬಾಗಿಕೊಡುವುದರಿಂದ, ಅದನ್ನು ತೊಟ್ಟವರು ಗದ್ದೆಯ ಬದುವಿನ ಮೇಲೆ ನಡೆಯಬಲ್ಲರು, ನೆಲದ ಮೇಲೆ ಕುಕ್ಕರಗಾಲಲ್ಲಿ ಕೂರಬಲ್ಲರು.