ಸಿನೊಡ್

ಗ್ರೀಕಿನಲ್ಲಿ ‘ಸಿನ್’ ಎಂದರೆ ಜೊತೆಗೆ, ‘ಹೊಡೊಸ್’ ಎಂದರೆ ದಾರಿ. ಎರಡೂ ಕೂಡಿ ಸಿನೊಡ್. ದಾರಿಯ ಅರ್ಥ ಕಾಲಕ್ರಮದಲ್ಲಿ ಸವೆದು ಸಭೆ ಎಂಬುದಷ್ಟೇ ಉಳಿಯಿತು, ಅದೂ ಹೆಚ್ಚಾಗಿ ಧರ್ಮಾಧ್ಯಕ್ಷರ ಸಭೆ. ಕಥೋಲಿಕರಲ್ಲಿ ಅದನ್ನು 1965ರಲ್ಲಿ ಕಾಯಂ ಸಂಸ್ಥೆ ಮಾಡಿದವರು ಪೋಪ್ ಆರನೆಯ ಪೌಲ್. ನಮ್ಮ ದಕ್ಷಿಣ ಭಾರತ ಸಭೆಯವರ (ಸಿ.ಎಸ್.ಐ.) ಅತ್ಯುನ್ನತ ಮಂಡಳಿಗೂ ಇದೇ ಹೆಸರು.

ಹಳೆಯ ಅರ್ಥ ಮತ್ತೆ ಚಿಗುರಿದ್ದು, ನನ್ನ ಲೆಕ್ಕದಲ್ಲಿ, ಅಮೆಜಾನ್ ಕಾಡಿನಲ್ಲಿ. 2018ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸ್ ಪೆರುವಿನ ಪುಯೆರ್ಟೊ ಮಾಲ್ಡೊನಾಡೊಗೆ ಹೋಗಿ, ಕಾಡಿಗೆ ನುಗ್ಗುವ ಹೊರಗಿನವರಿಂದ ಆದಿವಾಸಿಗಳಿಗೆ ಆದದ್ದನ್ನು ಅವರ ಬಾಯಿಂದಲೇ ಕೇಳಿದರು. ಮುಂದೆ ಹಳ್ಳಿಹಾಡಿಗಳಲ್ಲಿ ಜನರ ಮಾತು ಕಲೆಹಾಕಿ, 2019ರ ಅಕ್ಟೋಬರ್‌ನಲ್ಲಿ ರೋಮಿನಲ್ಲಿ ಅಮೆಜಾನ್ ಸಿನೊಡ್ ಕೂಡಿತು. ಬಡವರ ಪಕ್ಷ ವಹಿಸಬೇಕೆಂದು ಲ್ಯಾಟಿನ್ ಅಮೆರಿಕದ ಧರ್ಮಾಧ್ಯಕ್ಷರು 1968ರಲ್ಲಿ ಕೊಲಂಬಿಯಾದ ಮೆಡೆಯಿನ್‌ನಲ್ಲಿ ಹಿಡಿದ ಹಾದಿಯ ಮುಂದುವರಿಕೆ ಇದು.

ಆದರೂ ಅಮೆಜಾನ್ ಸಿನೊಡ್‌ನಲ್ಲಿ ಆದಿವಾಸಿ ಹೆಂಗಸರು ಮಾತಾಡಿದರು, ಮತ ಹಾಕಲಿಲ್ಲ. ಆಲಿಸುವುದು ಸುಲಭ, ಅಧಿಕಾರ ಹಂಚುವುದು ಕಷ್ಟ! 2021ರಲ್ಲಿ ‘ಸಿನೊಡಾಲಿಟಿ’ (ಜೊತೆಗೂಡಿ ನಡೆಯುವುದು) ಎಂಬ ನಾಲಿಗೆ ತೊಡರುವ ಹೆಸರಿನಲ್ಲಿ ಜಗತ್ತಿನಾದ್ಯಂತ ಆಲಿಸುವ ಕೆಲಸ ಶುರುವಾಯಿತು. ಮಹಿಳೆಯರು ರೋಮಿನ ಸಿನೊಡ್‌ನಲ್ಲಿ ಮೊದಲು ಮತ ಹಾಕಿದ್ದು 2023ರ ಅಕ್ಟೋಬರ್‌ನಲ್ಲಿ.