ರ ಗ ಸ ದ ಅ

ನಾನು ಅಕ್ಷರ ಕಲಿತದ್ದು ಚನ್ನಪಟ್ಟಣ ತಾಲ್ಲೂಕಿನ ಒಂದು ಹಳ್ಳಿ ಶಾಲೆಯಲ್ಲಿ, ಎಪ್ಪತ್ತರ ದಶಕದ ಕೊನೆಗೆ. ಕಲಿತದ್ದು ಅನ್ನೋದಕ್ಕಿಂತ ನಕಲು ಮಾಡಿದ್ದು ಅಂದರೆ ಸರಿ. ಮೇಷ್ಟ್ರು ಬೋರ್ಡಿನ ಮೇಲೆ ಏನು ಬರೆದರೂ ಮುತ್ತು ಪೋಣಿಸಿದ ಹಾಗೆ ಸ್ಲೇಟಿಗೆ ಇಳಿಸುತ್ತಿದ್ದೆ. ಪಾಠ ಒಪ್ಪಿಸು ಅಂದರೆ ಬಾಯಿಪಾಠ ಇದ್ದೇ ಇತ್ತು. ಮೂರನೇ ಕ್ಲಾಸಿಗೆ ಬಂದರೂ ನನಗೆ ಓದೋಕೆ ಬರಲ್ಲ ಅಂತ ಯಾರಿಗೂ ಗೊತ್ತಿರಲಿಲ್ಲ. ನಿಜ ಹೇಳಬೇಕಂದರೆ ನನಗೂ ಗೊತ್ತಿರಲಿಲ್ಲ!

ಗೊತ್ತಾಗಿದ್ದು ಒಂದು ಇನ್‌ಲ್ಯಾಂಡ್ ಲೆಟರಿನಿಂದ. ಅಜ್ಜಿಗೆ ಓದು ಬರದು, ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. "ನಿಮ್ಮ ಮಾವಂದು, ಓದು ಮಗ" ಅಂದಳು. ನಾನು ಕಾಗದ ಬಿಡಿಸಿ, ಬೇರೆಯವರು ಓದುವಾಗ ಕೇಳಿದ್ದ ಧಾಟಿಯಲ್ಲೇ "ಇಲ್ಲಿ ಎಲ್ಲರೂ ಕ್ಷೇಮ, ಅಲ್ಲಿಯ ಕ್ಷೇಮಕ್ಕೆ ಬರೆಯಿರಿ" ಅಂತ ಸರಾಗವಾಗಿ ಒಪ್ಪಿಸಿಬಿಟ್ಟೆ. ಅದರಲ್ಲಿ ಇದ್ದದ್ದು ಶುಕ್ರವಾರ ರಾತ್ರಿ ರೈಲಿಗೆ ಬರುತ್ತೇನೆ, ಅತ್ತೆಗೆ ಮೈ ಸರಿಯಿಲ್ಲ, ಸ್ಟೇಷನ್ನಿಗೆ ಗಾಡಿ ಕಳಿಸಿ ಅಂತ. ಗಾಡಿ ಹೋಗಲಿಲ್ಲ. ಬಾಣಂತನಕ್ಕೆ ಬಂದಿದ್ದ ಅತ್ತೆ ಕತ್ತಲಲ್ಲಿ ನಡೆದು ಬಂದರು. ಯಾರೂ ನನಗೆ ಹೊಡೆಯಲಿಲ್ಲ. ಅಜ್ಜಿ ಮಾತ್ರ ಆಮೇಲೆ ನನ್ನ ಕೈಗೆ ಕಾಗದ ಕೊಡಲೇ ಇಲ್ಲ.

ಇದೆಲ್ಲ ಮತ್ತೆ ನೆನಪಾದದ್ದು 2010ರಲ್ಲಿ, ಮಾಗಡಿ ತಾಲ್ಲೂಕಿನಲ್ಲಿ ಟೀಚರಾಗಿದ್ದ ಅತ್ತಿಗೆಯ ಕ್ಲಾಸಿಗೆ ಹೋಗಿ ಕೂತಾಗ. ಅಲ್ಲಿ ಬೆಂಚಿಲ್ಲ, ಪಠ್ಯಪುಸ್ತಕವೂ ಇಲ್ಲ. ನೆಲದ ಮೇಲೆ ಐದು ಗುಂಪು. ಒಂದಕ್ಕೆ ಟೀಚರೇ ಪೂರ್ತಿ ಬೇಕು, ಇನ್ನೊಂದಕ್ಕೆ ಆಗಾಗ ಬಂದು ಹೋದರೆ ಸಾಕು, ಎರಡು ಗುಂಪು ಜೊತೆಯವರನ್ನು ಕೇಳಿಕೊಂಡೇ ಕಲಿಯುತ್ತವೆ, ಕೊನೆಯದು ತನ್ನಷ್ಟಕ್ಕೆ ತಾನು. ಗೋಡೆಯ ಬುಡದಲ್ಲಿ ಮಕ್ಕಳ ಕೈಗೆಟುಕುವ ಕರಿಹಲಗೆ. ಗೋಡೆ ಮೇಲೆ 'ಕಲಿಕಾ ಏಣಿ'. ಮಗು ತಾನು ಯಾವ ಮೆಟ್ಟಿಲಲ್ಲಿ ಇದ್ದೇನೆ ಅಂತ ನೋಡಿಕೊಂಡು ಅದರ ಕಾರ್ಡು ಎತ್ತಿಕೊಳ್ಳಬೇಕು. ನಿಮ್ಮಲ್ಲಿ ಮೇಷ್ಟ್ರಾಗಿರುವವರಿಗೆ ಇದು ಗೊತ್ತೇ ಇದೆ, ನಲಿ-ಕಲಿ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅಕ್ಷರದ ಸಾಲು. ಅ ಆ ಇ ಈ ಅಲ್ಲ. ರ ಗ ಸ ದ ಅ! ಇದೇನು ತಲೆಹರಟೆ ಅನ್ನಿಸಿತು. ಅತ್ತಿಗೆ ನಕ್ಕು ಐದು ಕಾರ್ಡು ನನ್ನ ಮುಂದೆ ಹರಡಿದರು. ಸರ, ದರ, ರಸ, ಅರಸ, ಅಗಸ, ದಸರ, ಗರಗಸ. ನಾವು ಐವತ್ತು ಅಕ್ಷರ ಮುಗಿಸಿ, ಕಾಗುಣಿತದ ಕಾಡು ದಾಟಿ, ಒತ್ತಕ್ಷರಕ್ಕೆ ಒದೆ ತಿಂದಾದ ಮೇಲೆ ಮೊದಲ ಪದ ಓದಬೇಕಿತ್ತು. ಈ ಮಗು ಐದೇ ಅಕ್ಷರಕ್ಕೆ ಗರಗಸ ಓದುತ್ತದೆ. ಓದಲಿಕ್ಕೆ ಬಂತೋ ಇಲ್ಲವೋ ಅಂತ ಅಲ್ಲೇ ತಿಳಿಯುತ್ತದೆ. ನನ್ನ ಹಾಗೆ ಮೂರು ವರ್ಷ ಬಚ್ಚಿಟ್ಟುಕೊಳ್ಳೋಕೆ ಆಗಲ್ಲ.

ಇದು ಶುರುವಾದದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ. ಕಾಡಂಚಿನ ತಾಲ್ಲೂಕು, ಶಾಲೆ ಬಿಡುವ ಮಕ್ಕಳೇ ಜಾಸ್ತಿ. ಯುನಿಸೆಫ್ ನೆರವಿನಿಂದ ಅಲ್ಲಿನ ಸರ್ಕಾರಿ ಶಿಕ್ಷಕರು ಆಂಧ್ರದ ಮದನಪಲ್ಲಿ ಹತ್ತಿರದ ರಿಷಿವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳನ್ನು ನೋಡಿ ಬಂದರು. ಬಂದವರು ಸುತ್ತೋಲೆಗೆ ಕಾಯಲಿಲ್ಲ, ಗುಂಪಾಗಿ ಕೂತು ಕಮ್ಮಟದ ಥರ ತಾವೇ ಕಾರ್ಡು ಬರೆದರು. 2009-10ರಲ್ಲಿ ಅದು ರಾಜ್ಯದ ಎಲ್ಲ ಕನ್ನಡ ಸರ್ಕಾರಿ ಶಾಲೆಗಳ ಒಂದು, ಎರಡನೇ ತರಗತಿಗೆ ಬಂತು. 2007ರಲ್ಲಷ್ಟೇ ಜಿಲ್ಲೆಯಾಗಿದ್ದ ರಾಮನಗರಕ್ಕೂ ಹಾಗೇ ಬಂತು. ಆದರೆ ಕಾರ್ಡು ಅಚ್ಚಾಗಿ ಪೆಟ್ಟಿಗೆಯಲ್ಲಿ ಬಂತು ನೋಡಿ, ನನ್ನ ತಕರಾರು ಇರೋದು ಅಲ್ಲೇ. ಕೋಟೆಯ ಶಿಕ್ಷಕರಿಗೆ ಸಿಕ್ಕಿದ್ದು ಕಾರ್ಡು ಬರೆಯುವ ಸುಖ, ಉಳಿದವರಿಗೆ ಸಿಕ್ಕಿದ್ದು ಕಾರ್ಡು ಜೋಡಿಸುವ ಕೆಲಸ. ಹರಿದರೆ ಬೇರೆ ಇಲ್ಲ, ದಾಖಲೆ ತುಂಬೋದೇ ಒಂದು ಸಂಸಾರ. "ಬುಕ್ಕಿಲ್ದ ಸ್ಕೂಲು ಎಂಥ ಸ್ಕೂಲು?" ಅಂತ ಅಪ್ಪಂದಿರ ಜಗಳ ಬೇರೆ.

ಅತ್ತಿಗೆ ಪೆಟ್ಟಿಗೆಯನ್ನು ಬಿಡಲಿಲ್ಲ, ಆದರೆ ಅದಕ್ಕೇ ಕಟ್ಟುಬೀಳಲೂ ಇಲ್ಲ. ಶನಿವಾರ ಹಳೇ ಕ್ಯಾಲೆಂಡರಿನ ಹಿಂಬದಿ ಹಾಸಿ, ಮಕ್ಕಳು ಹೇಳಿದ್ದನ್ನು ಹೇಳಿದ ಹಾಗೇ ಬರೆಯೋರು, ಮಕ್ಕಳೇ ಓದಬೇಕು, ನೋಡಿ ಬರೆಯಬೇಕು. ನ್ಯೂಜಿಲೆಂಡಿನ ಸಿಲ್ವಿಯಾ ಆಶ್ಟನ್-ವಾರ್ನರ್ ಮಾವೊರಿ ಮಕ್ಕಳಿಗೆ ಹೀಗೇ ಅವರವರ ಪದದಿಂದಲೇ ಓದು ಕಲಿಸಿದ್ದರು, 1963ರ 'ಟೀಚರ್' ಪುಸ್ತಕದಲ್ಲಿ ಬರೆದಿದ್ದಾರೆ. ಅತ್ತಿಗೆ ಆ ಹೆಸರು ಕೇಳಿರಲಿಲ್ಲ. ಹಾಗೆ ನೋಡಿದರೆ ರಾಮನಗರದಲ್ಲೇ ಹುಟ್ಟಿದ ಜಿ.ಪಿ. ರಾಜರತ್ನಂ ಕೂಡ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಿದ್ದಾಗ, ಪುಸ್ತಕದ ಪದ್ಯ ಆ ನಾಲಿಗೆಗಳಿಗೆ ಒಗ್ಗದ್ದು ಕಂಡು ತಾವೇ ಬರೆದವರು. 'ತುತ್ತೂರಿ' ಹುಟ್ಟಿದ್ದು ಹಾಗೆ. ನಾವು 'ರತ್ನನ ಪದಗಳು' ಅಂತ ಕುಣಿಯುತ್ತೇವೆ, ಆ ಮೇಷ್ಟ್ರನ್ನು ಮರೆತಿದ್ದೇವೆ.

ನಾನು ಹೋದ ಶನಿವಾರ ಎರಡನೇ ಕ್ಲಾಸಿನ ಒಬ್ಬ ಹುಡುಗಿ ಹೇಳಿದ್ದು: "ಹುಳ ನಾಕ್ನೇ ಜ್ವರ ಎದ್ದವೆ. ನಾಳೆಯಿಂದ ಸ್ಕೂಲಿಗೆ ಹೋಗ್ಬೇಡ ಅಂದ್ಳು ಅವ್ವ." ರೇಷ್ಮೆ ಸಾಕುವ ಮನೆ. ಪೊರೆ ಬಿಡೋದಕ್ಕೆ ನಮ್ಮ ಕಡೆ ಜ್ವರ ಅಂತಾರೆ. ನಾಲ್ಕನೇ ಜ್ವರ ಎದ್ದ ಹುಳಕ್ಕೆ ಹಸಿವೋ ಹಸಿವು, ಹಗಲೂ ರಾತ್ರಿ ಸೊಪ್ಪು ಹಾಕಬೇಕು, ಕೈಗಳು ಬೇಕು. ಏಣಿಯಲ್ಲಿ 'ಜ್ವ' ಅನ್ನೋ ಒತ್ತು ಅವಳಿಗಿನ್ನೂ ಎಷ್ಟೋ ಮೆಟ್ಟಿಲು ಮೇಲಿತ್ತು. ಅವಳು ಅರ್ಧ ಗಂಟೆಯಲ್ಲಿ ಬರೆದಳು. ಅತ್ತಿಗೆ ಆ ಹಾಳೆಯನ್ನೇ ಅವಳ ಅವ್ವನಿಗೆ ಕಳಿಸಿದರು. ಅವ್ವನಿಗೆ ಓದು ಬರದು, ಮಗಳೇ ಓದಿ ಹೇಳಿದಳಂತೆ. ಗೂಡು ಕಟ್ಟುವವರೆಗೆ ಅವಳು ಬರಲಿಲ್ಲ, ಆಮೇಲೆ ಬಂದಳು. ಮುಂದಿನ ಬೆಳೆಗೆ ಮಧ್ಯಾಹ್ನದವರೆಗಾದರೂ ಕಳಿಸಿದರು.

ನಮ್ಮ ನಾಲ್ಕು ಊರಿನ ಹೆಸರೇ ಒಂದು ಏಣಿ ಅನ್ನೋರು ಅತ್ತಿಗೆ. ಕನಕಪುರಕ್ಕೆ ಒಂದು ಕೊಂಬು ಸಾಕು. ರಾಮನಗರಕ್ಕೆ ಒಂದು ದೀರ್ಘ. ಮಾಗಡಿಗೆ ದೀರ್ಘದ ಜೊತೆ ಗುಡಿಸು. ಚನ್ನಪಟ್ಟಣಕ್ಕೆ ಎರಡೆರಡು ಒತ್ತು, ಅದಕ್ಕೇ ಅಲ್ಲಿನವರಾದ ನೀವು ಹಿಂದೆ ಬಿದ್ದಿರಿ ಅಂತ ನನ್ನನ್ನು ಕಿಚಾಯಿಸೋರು.

2025ರ ಮೇನಲ್ಲಿ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ ಆಯಿತು, ಕೇಂದ್ರ ರಾಮನಗರವೇ. ಆಮೇಲೊಂದು ದಿನ ಬಸ್ಸಿಗೆ ಕಾಯುತ್ತಾ ನಿಂತಿದ್ದಾಗ, ಯೂನಿಫಾರ್ಮಿನ ಪುಟ್ಟ ಹುಡುಗನೊಬ್ಬ ಹೊಸ ಬೋರ್ಡೊಂದನ್ನು ಬೆರಳಿಟ್ಟು ಓದುತ್ತಿದ್ದ. ಬೆಂ, ಗ, ಳೂ, ರು.. ದ.. ಅಲ್ಲಿ ನಿಂತ. ತಲೆ ಕೆರೆದುಕೊಂಡ. ಏನು ಬೇಕಾದರೂ ಹೇಳಿ ಮುಗಿಸಬಹುದಿತ್ತು, ನಾನಾಗಿದ್ದರೆ ಹಾಗೇ ಮಾಡ್ತಿದ್ದೆ.

"ಇದೊಂದು ನಂಗೆ ಬರಲ್ಲ, ಏನಿದು?" ಅಂತ ನನ್ನ ಕಡೆ ತಿರುಗಿ ಕೇಳಿದ.