ಆರ್ಮರಿ ಪ್ರದರ್ಶನವೂ ಕಲಾ ವಿದ್ಯಾರ್ಥಿಗಳೂ

1913ರ ಫೆಬ್ರವರಿ 17ರಂದು ನ್ಯೂಯಾರ್ಕಿನಲ್ಲಿ, 69ನೆಯ ರೆಜಿಮೆಂಟಿನ ಸೈನಿಕರು ಕವಾಯತು ನಡೆಸುತ್ತಿದ್ದ ವಿಶಾಲ ಅಂಗಣವನ್ನು ಬಾಡಿಗೆಗೆ ಹಿಡಿದು ಕಲಾವಿದರ ಸಂಘವೊಂದು ಆರಂಭಿಸಿದ ಅಂತರರಾಷ್ಟ್ರೀಯ ಚಿತ್ರಶಿಲ್ಪ ಪ್ರದರ್ಶನವು, ಆ ಸೇನಾ ಕಟ್ಟಡದ ಹೆಸರಿನಿಂದಲೇ ‘ಆರ್ಮರಿ ಷೋ’ ಎಂದು ಪ್ರಸಿದ್ಧವಾಯಿತು. ಗೋಣಿಬಟ್ಟೆ ಹೊದಿಸಿದ ತಡಿಕೆಗಳಿಂದ 18 ಕೋಣೆಗಳಾಗಿ ವಿಂಗಡಿಸಿದ್ದ ಅಲ್ಲಿ ಸುಮಾರು 1,300 ಕೃತಿಗಳಿದ್ದವು. ಅವುಗಳಲ್ಲಿ ಹೆಚ್ಚಿನವು ಅಮೆರಿಕನ್ನರವೇ ಆಗಿದ್ದರೂ ಜನ ಮುಗಿಬಿದ್ದದ್ದು, ಪತ್ರಿಕೆಗಳು ಗೇಲಿ ಮಾಡಿದ್ದು ಯುರೋಪಿನಿಂದ ಬಂದವುಗಳನ್ನು. ಅಂದಿನ ಅಮೆರಿಕದ ಕಲಾಶಾಲೆಗಳಲ್ಲಿ ವಿದ್ಯಾರ್ಥಿಯು ಮೊದಲು ಪ್ಲಾಸ್ಟರ್ ಪ್ರತಿಮೆಗಳನ್ನೂ ಆಮೇಲೆ ಎದುರು ನಿಂತ ಮಾದರಿ ವ್ಯಕ್ತಿಯನ್ನೂ ನೋಡಿ ರೇಖಾಭ್ಯಾಸ ಮಾಡುವುದು ರೂಢಿಯಾಗಿದ್ದುದರಿಂದ, ಸೆಜಾನ್, ವ್ಯಾನ್ ಗೋ, ಮಾತೀಸ್ ಮುಂತಾದವರ ಬಣ್ಣವನ್ನು ಕಣ್ಣಾರೆ ಕಂಡವರು ಅವರಲ್ಲಿ ವಿರಳ.

ಮಾರ್ಚ್ 24ರಂದು ಪ್ರದರ್ಶನದ ಒಂದು ಭಾಗವು ಷಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟಿಗೆ ಬಂದಿತು. ಅದು ವಸ್ತುಸಂಗ್ರಹಾಲಯವೂ ಹೌದು, ಕಲಾಶಾಲೆಯೂ ಹೌದು. ಅಲ್ಲಿನ ವಿದ್ಯಾರ್ಥಿಗಳು ಏಪ್ರಿಲ್ 16ರಂದು, ಪ್ರದರ್ಶನದ ಕೊನೆಯ ದಿನ, ಮಾತೀಸನ ಮೇಲೆ ಅಣಕು ವಿಚಾರಣೆ ನಡೆಸಿ, ‘ನೀಲಿ ನಗ್ನೆ’ಯೂ ಸೇರಿದಂತೆ ಅವನ ಚಿತ್ರಗಳ ಪ್ರತಿಗಳನ್ನು ಸುಟ್ಟರು. ಇತಿಹಾಸಕಾರರು ಇದನ್ನು ಸಾಮಾನ್ಯವಾಗಿ ಪುಂಡಾಟವೆಂದು ಬದಿಗಿಡುತ್ತಾರೆ. ಆದರೆ ಸುಡುವ ಪ್ರತಿಯನ್ನು ಬರೆಯಲಿಕ್ಕಾದರೂ ಯಾರೋ ಒಬ್ಬರು ಮೂಲದ ರೇಖೆಯನ್ನು ದಿಟ್ಟಿಸಿ ನೋಡಿರಲೇಬೇಕು.

ಪ್ರದರ್ಶನವನ್ನು ಒಲವಿನಿಂದ ಕಂಡ ತರುಣರಲ್ಲಿ ಸ್ಟುವರ್ಟ್ ಡೇವಿಸ್ ಮುಖ್ಯನು. ರಾಬರ್ಟ್ ಹೆನ್ರಿಯ ಶಾಲೆಯಲ್ಲಿ ಕಲಿತು ಆಗಷ್ಟೇ ಹೊರಬಂದಿದ್ದ 20 ವರ್ಷದ ಅವನ ಐದು ಜಲವರ್ಣಗಳು ಅದೇ ಪ್ರದರ್ಶನದಲ್ಲಿದ್ದವು. ಪ್ರತಿಮೆಗಳನ್ನು ಬಿಟ್ಟು ಬೀದಿಗೂ ಮದ್ಯದಂಗಡಿಗೂ ಹೋಗಿ ಕಂಡದ್ದನ್ನು ಬರೆಯಿರೆಂದು ಹೆನ್ರಿ ಹೇಳಿಕೊಟ್ಟಿದ್ದುದರಿಂದ ಡೇವಿಸನಿಗೆ ವಸ್ತುವಿನ ಕೊರತೆಯಿರಲಿಲ್ಲ. ವಸ್ತುವಿಗಿರುವ ಬಣ್ಣವನ್ನೇ ಚಿತ್ರಕ್ಕೂ ಕೊಡಬೇಕಾಗಿಲ್ಲ, ಚಿತ್ರಕ್ಕೆ ತನ್ನದೇ ಆದ ಕಟ್ಟುನಿಟ್ಟು ಉಂಟು ಎಂಬುದನ್ನು ಅವನು ಗೋಗ್ಯಾಂ, ವ್ಯಾನ್ ಗೋ, ಮಾತೀಸರ ಮುಂದೆ ನಿಂತು ಅರಿತನು. ತನ್ನ ಕೆಲಸಕ್ಕೆ ಸಿಕ್ಕ ಅತಿ ದೊಡ್ಡ ಆಘಾತವೂ ಪ್ರೇರಣೆಯೂ ಅದೇ ಎಂದು ಅವನು ಮುಂದೆ ಹೇಳಿಕೊಂಡದ್ದುಂಟು.

ಆದರೆ ಪ್ರೇರಣೆ ಮರುದಿನವೇ ಫಲಿಸಲಿಲ್ಲ. ಹಲವು ವರ್ಷ ಅವನು ಬೇರೆಯವರ ಕೈಬರಹದಲ್ಲೇ, ವಿಶೇಷವಾಗಿ ವ್ಯಾನ್ ಗೋನ ದಪ್ಪ ಕುಂಚದಲ್ಲಿ, ಭೂದೃಶ್ಯಗಳನ್ನು ಬರೆದನು. 1921ರಲ್ಲಿ ಸಿಗರೇಟು ಪೊಟ್ಟಣವನ್ನು ಕ್ಯೂಬಿಸಂನ, ಅಂದರೆ ವಸ್ತುವನ್ನು ಹಲವು ಮಗ್ಗುಲುಗಳಾಗಿ ಬಿಡಿಸಿ ಒಂದೇ ಸಮತಲದಲ್ಲಿ ಜೋಡಿಸುವ ಪದ್ಧತಿಯ, ನೆರವಿನಿಂದ ‘ಲಕ್ಕಿ ಸ್ಟ್ರೈಕ್’ ಆಗಿಸಿದನು. 1927ರಲ್ಲಿ ರಬ್ಬರಿನ ಕೈಗವಸು, ವಿದ್ಯುತ್ ಪಂಖ, ಮೊಟ್ಟೆ ಕಡೆಯುವ ಸಾಧನ ಈ ಮೂರನ್ನೂ ಮೇಜಿಗೆ ಮೊಳೆ ಹೊಡೆದು ನಿಲ್ಲಿಸಿ, ಸುಮಾರು ಒಂದು ವರ್ಷ ಅವುಗಳನ್ನೇ ಮತ್ತೆ ಮತ್ತೆ ಬರೆದಾಗ ‘ಎಗ್ ಬೀಟರ್’ ಮಾಲಿಕೆ ಹುಟ್ಟಿತು. ಅಲ್ಲಿ ಕಡೆಗೋಲಿನ ಗುರುತು ಉಳಿಯದೆ ಬಣ್ಣದ ಹಾಳೆಗಳೂ ಅಂಚುಗಳೂ ಮಾತ್ರ ಉಳಿದವು. ಮಾತೀಸ್ ಮುಂತಾದವರ ಬಣ್ಣಗಳು ಹುಟ್ಟಿದ ಪ್ಯಾರಿಸ್ಸನ್ನು ಅವನು ಅದುವರೆಗೆ ಕಂಡೇ ಇರಲಿಲ್ಲ. ವಿಟ್ನಿ ಸಂಸ್ಥೆಯ ಜೂಲಿಯಾನಾ ಫೋರ್ಸ್ ಅವನ ಚಿತ್ರಗಳನ್ನು ಕೊಂಡು ಹಣ ಒದಗಿಸಿದ ಮೇಲೆ, 1928ರಲ್ಲಿ, ಅಲ್ಲಿಗೆ ಹೊರಟನು.